ಇಡಲು ಒಂದು ಜಾಗ

ಟ್ಯೂಬಿನ ಪಟ್ಟಿಯನ್ನು ಮೂರನೆಯ ಸುತ್ತು ಎಳೆದು ಬಿಗಿಯುವಾಗ ಅದು ಕೈಜಾರಿ ಯಶೋದಳ ಮೊಣಕೈಗೆ ಛಟ್ಟನೆ ಬಡಿಯಿತು. ನೋವೇನೂ ಅಷ್ಟಾಗಲಿಲ್ಲ. ಗಿರಣಿಯ ಮುಂದೆ ರಾಗಿ ಬೀಸಿಸಲು ಕೂತಿದ್ದ ಹೆಂಗಸರು ನೋಡಿಬಿಟ್ಟರಲ್ಲ ಎಂದು ಮಾತ್ರ ಕಿವಿ ಬಿಸಿಯಾದವು. ಎಕ್ಸೆಲ್ ಗಾಡಿಯ ಹಿಂದೆ ಎರಡು ಹಾಲಿನ ಕ್ರೇಟು, ಒಂದರ ಮೇಲೊಂದು. ಕೆಳಗಿನದರಲ್ಲಿ ಶಾಂಪೂ ಕ್ಯಾನು, ಟೈರಿಗೆ ಹಚ್ಚುವ ಎಣ್ಣೆ, ಚಕ್ರದ ಕಿಲುಬು ತೆಗೆಯುವ ದ್ರಾವಣ. ಮೇಲಿನದರಲ್ಲಿ ಪಾಲಿಶ್ ಮಿಷನ್ನು, ಬ್ರಷ್ಷು, ಮೇಣದ ಡಬ್ಬಿ, ಸುತ್ತಿದ ಕರೆಂಟು ವೈರು. ಕಾರು ತೊಳೆದು ಹೊಳಪೇರಿಸುವುದು ಅವಳ ಕೆಲಸ; ಅದರ ಮೆತ್ತನೆ ಬಟ್ಟೆಗಳಿಗೆ ಮಣ್ಣಿನ ಒಂದು ಕಣವೂ ತಾಗಬಾರದು, ತಾಗಿದರೆ ಕಾರಿನ ಮೈಮೇಲೆ ಗೀರು ಬೀಳುತ್ತದೆ. ಅದಕ್ಕೇ ಅವು ಬಿಗಿ ಮುಚ್ಚಳದ ತಗಡಿನ ಡಬ್ಬದಲ್ಲಿ. ಕಾಲುಗಳ ನಡುವೆ, ಹೊಲಕ್ಕೆ ಔಷಧಿ ಹೊಡೆಯುವಂಥ ಪಂಪು. ಹತ್ತಿರ ಹತ್ತಿರ ಎರಡು ವರ್ಷದಿಂದ ಇವೆಲ್ಲ ದೊಡ್ಡೇರಿಯ ಈ ಗಿರಣಿಯ ಹಿಂದಿನ ಕೋಣೆಯಲ್ಲಿ ಇದ್ದವು. ಇವತ್ತು ಬೆಳಿಗ್ಗೆ ಗಿರಣಿಯ ಲಕ್ಷ್ಮೀಪತಿ ಹೊಸ ಮಿಷನ್ ಬರುತ್ತದೆ, ಜಾಗ ಬೇಕು ಎಂದಿದ್ದ. ಆಮೇಲೆ, ಅವಳು ಕ್ಯಾನು ಎತ್ತುವಾಗ, ಮೆಲ್ಲಗೆ ನಿಜವಾದ ಕಾರಣವನ್ನೂ ಹೇಳಿದ್ದ. "ಹಿಟ್ಟು ಸೋಪಿನ ವಾಸ್ನೆ ಹೊಡೀತೈತೆ ಅಂತಾರೆ ಕಣಮ್ಮ. ನಾನೇನ್ ಮಾಡ್ಲಿ."

ಅವನು ಹೇಳಿದ್ದು ಸುಳ್ಳಲ್ಲವೆಂದು ಅವಳಿಗೆ ಗೊತ್ತಿತ್ತು. ಕಳೆದ ವಾರ ಶಾಂಪೂ ಕ್ಯಾನಿನ ಮುಚ್ಚಳ ಸಡಿಲವಾಗಿ ನೆಲದ ಮೇಲೆ ಅಂಗೈಯಗಲ ಹರಿದಿತ್ತು. ಹಳೆಯ ಬಟ್ಟೆಯಲ್ಲಿ ಒರೆಸಿ, ಯಾರಿಗೂ ಹೇಳದೆ ಬಾಗಿಲೆಳೆದುಕೊಂಡು ಹೋಗಿದ್ದಳು. ಹೇಳದೆ ಹೋಗುವುದು ತನಗೆ ಅಭ್ಯಾಸವಾಗಿಬಿಟ್ಟಿದೆಯಲ್ಲ ಎಂದು ಈಗ, ಗಾಡಿ ತುಳಿದು ರಸ್ತೆಗೆ ತಿರುಗಿಸುವಾಗ ಅನ್ನಿಸಿತು. ಸಂಜೆಗೆ ಇವನ್ನು ಎಲ್ಲಿ ಇಳಿಸುವುದು? ಮನೆಗೆ ಒಯ್ಯುವಂತಿಲ್ಲ. ಒಯ್ಯುವಂತಿಲ್ಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಅತ್ತೆಯಂತೂ ಆ ವಿಷಯ ಎತ್ತಿದವಳೇ ಅಲ್ಲ. ಎತ್ತದೆ ಇದ್ದುದೇ ಎದೆಯ ಮೇಲೆ ಚಪ್ಪಡಿಯಾಗಿ ಕೂತಿತ್ತು.

ಮಧುಗಿರಿಯ ಏಕಶಿಲೆ ಎಡಕ್ಕೆ ಎದ್ದು ನಿಂತಾಗ ಬಿಸಿಲು ಅದರ ನೆತ್ತಿಯಿಂದ ಇಳಿಯುತ್ತಿತ್ತು. ಹಿಂದಿನ ಭಾರಕ್ಕೆ ಗಾಡಿಯ ಮುಂದಿನ ಚಕ್ರ ಹಗುರಾಗಿ, ಪ್ರತಿ ಹಂಪಿನಲ್ಲೂ ಕ್ರೇಟುಗಳು ಕುಲುಕಿ, ದ್ರಾವಣಗಳು ಕುಳಕ್ ಕುಳಕ್ ಎಂದು ಸದ್ದು ಮಾಡುತ್ತಿದ್ದವು. ಎರಡು ವರ್ಷದ ಹಿಂದೆ ಅವತ್ತೂ ಭಾರದ ದೆಸೆಯಿಂದಲೇ ಆದದ್ದು. ಐದು ಲೀಟರಿನ ಕ್ಯಾನನ್ನು ಶಿರಾದವರೆಗೆ ಹೊತ್ತೊಯ್ಯುವುದೇಕೆ, ಒಂದು ಕಾರಿಗೆ ಬೇಕಾದಷ್ಟು ಸಾಕಲ್ಲ ಎಂದು ಚಕ್ರ ತೊಳೆಯುವ ದ್ರಾವಣವನ್ನು ತಂಪು ಪಾನೀಯದ ಖಾಲಿ ಬಾಟಲಿಗೆ ಸುರಿದುಕೊಂಡಿದ್ದಳು. ಕಿತ್ತಳೆ ಬಣ್ಣ. ಹೊರಡುವ ಅವಸರದಲ್ಲಿ ನೀರಿನ ಗುಡಾಣದ ಪಕ್ಕದಲ್ಲಿ ಅದನ್ನು ಮರೆತಳು. ಅತ್ತೆ ಜುಂಜಮ್ಮ ಸೌದೆ ಹೊತ್ತು ಬಂದವಳು, ಸೊಸೆ ತನಗೆಂದೇ ತಂದಿಟ್ಟಿದ್ದಾಳೆ ಅಂದುಕೊಂಡಳೋ ಏನೋ, ಎತ್ತಿ ಒಂದು ಗುಟುಕು ಕುಡಿದಳು. ಉಗಿದಳಂತೆ, ಬಹುಪಾಲು ಉಗಿದಳಂತೆ. ಆದರೂ ಆಸ್ಪತ್ರೆಯಲ್ಲಿ ಎಂಟು ದಿನ. ಇದನ್ನು ಮನೆಯಲ್ಲಿ ಹಿಂಗೆ ಇಟ್ಟವರು ಯಾರು, ಪೊಲೀಸಿಗೆ ಬರೆಯಬೇಕಾಗುತ್ತದೆ ಎಂದು ಡಾಕ್ಟರು ಗದರಿದಾಗ, ಬೆಂದ ಗಂಟಲಿನಿಂದ ಮುದುಕಿ ಒಂದೊಂದೇ ಅಕ್ಷರ ಹೊರಡಿಸಿ, ನಾನೇ ಇಟ್ಟುಕೊಂಡದ್ದು, ಪಾತ್ರೆಯ ಮಸಿ ತೆಗೆಯಲು, ಕಣ್ಣು ಕಾಣಲಿಲ್ಲ ಎಂದಿದ್ದಳು. ಮಂಚದ ಕಾಲ ಬಳಿ ನಿಂತಿದ್ದ ಯಶೋದ ಬಾಯಿ ತೆರೆಯಲಿಲ್ಲ. ಕುರಿಹಿಂಡಿನ ಜೊತೆ ಆಂಧ್ರದ ಕಡೆ ಹೋಗಿದ್ದ ಗಂಡ ಗೋಪಾಲ್ ಎರಡು ಬಸ್ಸು ಬದಲಾಯಿಸಿ ಓಡಿಬಂದಾಗಲೂ ಅದೇ ಮಾತು, ಆಗಲೂ ಅವಳು ಬಾಯಿ ತೆರೆಯಲಿಲ್ಲ. ಅತ್ತೆಯ ದನಿ ಅಲ್ಲಿಂದ ಮುಂದೆ ಒಡಕಾಗಿಯೇ ಉಳಿಯಿತು. ಮರುವಾರವೇ ಸಾಮಾನೆಲ್ಲ ಗಿರಣಿಗೆ ಹೋಯಿತು. ಮನೆಯಲ್ಲಿ ಅತ್ತೆಗೆ ಬೇರೆ ಚೊಂಬು. ನೀರನ್ನು ಮೊದಲು ತಾನು ಒಂದು ಗುಟುಕು ನೋಡಿ ಕೊಡುವುದು. ಒಲೆಯ ಬಳಿ, ಕಪಾಟಿನ ಬಳಿ ಅತ್ತೆ ಕೈಚಾಚಿದರೆ ಓಡಿಹೋಗಿ ತಾನೇ ಎತ್ತಿಕೊಡುವುದು. ಎರಡು ವರ್ಷದಿಂದ ಇಷ್ಟು ಜೋಪಾನ ಮಾಡಿದರೂ ಜುಂಜಮ್ಮನ ಮೌನ ದಿನದಿನಕ್ಕೆ ಗಟ್ಟಿಯಾಗುತ್ತಲೇ ಹೋಯಿತು. ಅದು ಶಿಕ್ಷೆ, ತಾನು ಅನುಭವಿಸಬೇಕಾದದ್ದೇ ಎಂದು ಯಶೋದ ತಲೆ ತಗ್ಗಿಸಿಕೊಂಡಿದ್ದಳು.

ಮಿಡಿಗೇಶಿ ದಾಟಿ, ಪಾವಗಡ ದಾಟಿ, ಕ್ಯಾತಗಾನಚೆರ್ಲು ಬರುವ ಹೊತ್ತಿಗೆ ಹತ್ತಾಗಿತ್ತು. ರಸ್ತೆಯ ಎರಡೂ ಕಡೆ ಸೋಲಾರ್ ಹಲಗೆಗಳು ಕಣ್ಣು ಹಾಯುವವರೆಗೆ ಒಂದೇ ಓರೆಗೆ ಮಲಗಿದ್ದವು. ಪ್ರಭುದೇವ್ ಎಂಬವನ ಕಪ್ಪು ಕಾರು ಮನೆಯ ಮುಂದೆ ಬಯಲಲ್ಲೇ ನಿಂತಿತ್ತು. ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಕೊಟ್ಟವನು. ಕಾರು ಕೊಂಡಿದ್ದ, ಅದಕ್ಕೊಂದು ಶೆಡ್ಡು ಕಟ್ಟಿಸಿರಲಿಲ್ಲ. ಅವನು ಅವಳನ್ನೂ ಗಾಡಿಯನ್ನೂ ಒಮ್ಮೆ ನೋಡಿ, ನಿಮ್ಮ ಯಜಮಾನರು ಹಿಂದೆ ಬರುತ್ತಾರಾ ಎಂದು ಕೇಳಿದ. ಇಲ್ಲ, ಕೆಲಸ ನಂದೇ ಅಂದಳು. ಇಂಥ ಪ್ರಶ್ನೆಗೆ ಒಳಗೆಲ್ಲೋ ಕುಗ್ಗುತ್ತಿದ್ದ ಜೀವ ಕಾರಿನ ಬಾನೆಟ್ಟಿನ ಮೇಲೆ ಅಂಗೈ ಇಟ್ಟ ಕೂಡಲೆ ನೆಟ್ಟಗಾಗುತ್ತಿತ್ತು. ತಗಡು ಸುಡುತ್ತಿತ್ತು. ಸುಡುವ ತಗಡಿನ ಮೇಲೆ ಏನು ಹಚ್ಚಿದರೂ ಕಲೆಯಾಗಿ ಕೂರುತ್ತದೆ. ಕಾರನ್ನು ಮನೆಯ ನೆರಳಿಗೆ ಹಿಂದಕ್ಕೆ ತರಿಸಿದಳು, ತಣಿಯಲು ಬಿಟ್ಟಳು, ಪಂಪು ಬೆನ್ನಿಗೇರಿಸಿ ನೊರೆ ಹೊಡೆದು ಧೂಳನ್ನು ನೆನೆಯಲು ಬಿಟ್ಟಳು. ಅವಸರಪಟ್ಟು ಉಜ್ಜುವವರು ಧೂಳನ್ನೇ ಕಾರಿಗೆ ಅರೆಯುತ್ತಾರೆ. ತುಮಕೂರಿನ ಶೋರೂಮಿನಲ್ಲಿ ಕಸ ಗುಡಿಸಲು ಸೇರಿ, ಮೂರು ವರ್ಷ ನೋಡನೋಡುತ್ತಲೇ ಕಲಿತ ವಿದ್ಯೆ ಇದು, ಯಾರೂ ಕೂರಿಸಿಕೊಂಡು ಹೇಳಿಕೊಟ್ಟದ್ದಲ್ಲ. ನೆರಳು ಸರಿದಂತೆ ಕಾರೂ ಸರಿಯಿತು. ಮಧ್ಯಾಹ್ನದ ಹೊತ್ತಿಗೆ ಮಿಷನ್ನು ಕೈಯಲ್ಲಿ ಗುಂಯ್ ಎನ್ನುತ್ತ, ಜೇಡನ ಬಲೆಯಂತೆ ಸುತ್ತು ಸುತ್ತಾಗಿದ್ದ ಸಣ್ಣ ಗೀರುಗಳು ಒಂದೊಂದೇ ಅಳಿಸಿಹೋಗಿ, ಅಡಿಯಿಂದ ಒಂದು ಕಪ್ಪು ಮೇಲಕ್ಕೆದ್ದು ಬರತೊಡಗಿದಾಗ ಅವಳಿಗೆ ಗಿರಣಿಯೂ ನೆನಪಿರಲಿಲ್ಲ, ಸಂಜೆಯೂ ನೆನಪಿರಲಿಲ್ಲ. ಆ ಕಪ್ಪಿನಲ್ಲಿ ಆಕಾಶ ಕಂಡಿತು, ಅದರಲ್ಲಿ ಸುತ್ತುತ್ತಿದ್ದ ಒಂದು ಹದ್ದೂ ಕಂಡಿತು. ಎದುರುಮನೆಯ ಜಗುಲಿಯಲ್ಲಿ ಜನ ಸೇರಿದ್ದರು, ಯಾರೂ ನಗುತ್ತಿರಲಿಲ್ಲ. ಪ್ರಭುದೇವನ ತಾಯಿ ಓಬಳಮ್ಮ ಬಂದು ಕಾರಿನ ಬಾಗಿಲ ಮೇಲೆ ಬಗ್ಗಿ, ಅದರಲ್ಲಿ ತನ್ನ ಮುಖ ನೋಡಿಕೊಂಡು, ಸೆರಗು ಸರಿ ಮಾಡಿಕೊಂಡಳು.

"ಅಬ್ಬಾ, ಎಂತ ಬಾಗುಂದಮ್ಮಾ," ಎಂದು ತೆಲುಗು ಬೆರೆಸಿ ಮೆಚ್ಚಿಕೊಂಡಳು ಓಬಳಮ್ಮ. "ಇವೆಲ್ಲಾ ಎಲ್ಲಿ ಇಕ್ಕಂತೀಯ ಮನೇಲಿ? ಪಿಲ್ಲಲು, ಮಕ್ಳುಮರಿ, ಮುದುಕ್ರು ಇರಲ್ವಾ?"

ಮುದುಕಿ ಕೇಳಿದ್ದು ಬರೀ ಮಾತಿಗೆ. ಯಶೋದ, ಬೇರೆ ಜಾಗ ಐತೆ ಅಮ್ಮ ಎಂದು ಬಗ್ಗಿ ಚಕ್ರ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು.

ಪ್ರಭುದೇವ್ ಅಷ್ಟರಲ್ಲಿ ಫೋಟೊ ತೆಗೆದು ಯಾರಿಗೋ ಕಳಿಸಿದ್ದ. ಅವಳು ವೈರು ಸುತ್ತುತ್ತಿರುವಾಗ ಫೋನನ್ನು ಅವಳ ಕೈಗೇ ಕೊಟ್ಟ. ಆ ಕಡೆಯಿದ್ದವನು ನಂದೀಶ್ವರಯ್ಯ, ಸೋಲಾರ್ ಪಾರ್ಕಿಗೆ ಎಂಟು ಜೀಪು ಓಡಿಸುವ ಗುತ್ತಿಗೆದಾರ. ಕಾರನ್ನು ನೋಡಿದೆ, ಎಂಟೂ ಜೀಪು ತಿಂಗಳಿಗೆರಡು ಸಲ ಹೀಗೇ ಆಗಬೇಕು, ಮಾಡುತ್ತೀರಾ ಎಂದ. ಆದರೆ ಪಾರ್ಕಿನೊಳಗೆ ಒಂದು ಬಾಟಲಿಯನ್ನೂ ಬಿಟ್ಟು ಹೋಗುವಂತಿಲ್ಲ. ಸಾಮಾನು ಎಲ್ಲಿ ಇಡುತ್ತೀರಿ ಎಂದು ಅಲ್ಲಿಯವರು ಕೇಳುತ್ತಾರೆ. ಬೀಗ ಇರಬೇಕು, ಹತ್ತಿರ ಒಲೆ ಇರಬಾರದು, ಮಕ್ಕಳು ದನಕರು ಸುಳಿಯಬಾರದು. ನಾಳೆ ಬೆಳಿಗ್ಗೆಯೊಳಗೆ ಆ ಜಾಗದ ಫೋಟೊ ಬೇಕು. ಅಂಥ ಜಾಗ ಇದೆಯಾ?

"ಐತೆ ಸಾರ್," ಎಂದಳು.

ಹಿಂತಿರುಗುವ ದಾರಿಯುದ್ದಕ್ಕೂ ಆ ಒಂದು ಮಾತು ಕ್ರೇಟಿನೊಳಗಿನ ದ್ರಾವಣದಂತೆ ಹಿಂದೆ ಕುಲುಕುತ್ತಲೇ ಇತ್ತು. ಮಿಡಿಗೇಶಿಯಲ್ಲಿ ಮರದಡಿ ಗಾಡಿ ನಿಲ್ಲಿಸಿ, ಮಧುಗಿರಿಯಲ್ಲಿ ಟೈಲರ್ ಅಂಗಡಿ ಇಟ್ಟಿರುವ ಗೆಳತಿ ಮಂಗಳಾಗೆ ಫೋನು ಮಾಡಿದಳು. ಮೇಲಿನ ಅಟ್ಟ ಖಾಲಿ ಇದೆ, ಆದರೆ ಅಂಗಡಿಯ ಒಡೆಯರು ಒಪ್ಪಲಾರರು ಕಣೆ ಎಂದಳು ಮಂಗಳಾ. ಕೊರಟಗೆರೆಯ ಅಣ್ಣನಿಗೆ ಮಾಡಿದಳು. ಅಣ್ಣ ಹ್ಞಾಂ ಹೂಂ ಎನ್ನುತ್ತಿರುವಾಗಲೇ ಅತ್ತಿಗೆ ಫೋನು ತೆಗೆದುಕೊಂಡು, ಮಕ್ಕಳಿರೋ ಮನೆ ಯಶೋದ, ವಿಷದಂಥ ವಸ್ತು, ಬೇಜಾರು ಮಾಡ್ಕೋಬೇಡ ಎಂದಳು. ಬೇಜಾರೇನಿಲ್ಲ ಅತ್ತಿಗೆ ಎಂದು ಯಶೋದ ಫೋನಿಟ್ಟಳು. ಅತ್ತಿಗೆ ಹೇಳಿದ್ದು ಸರಿಯಾಗಿತ್ತು. ಸರಿಯಾದ ಮಾತು ಆಡಲು ಅವಳಿಗೆ ಎಷ್ಟು ಸಲೀಸಾಯಿತು ಎನ್ನುವುದೇ ಯಶೋದಳನ್ನು ಮರದಡಿಯಲ್ಲಿ ತುಂಬ ಹೊತ್ತು ನಿಲ್ಲಿಸಿತು. ಎರಡು ವರ್ಷದಿಂದ ತಾನು ಸಾಮಾನಿಗೆ ಜಾಗ ಹುಡುಕಿದ್ದೇ ಇಲ್ಲ, ಒಂದು ಮಾತನ್ನು ಆಡದೆ ಇರಲು ಜಾಗ ಹುಡುಕುತ್ತಿದ್ದೆ ಎಂದು ಹೊಳೆದಾಗ, ಯಾರೋ ಬೆನ್ನ ಹಿಂದೆ ನಿಂತು ಕೆಮ್ಮಿದಂತಾಗಿ ತಿರುಗಿ ನೋಡಿದಳು. ಯಾರೂ ಇರಲಿಲ್ಲ. ಗಾಡಿ ತುಳಿದಳು.

ಹಟ್ಟಿಗೆ ಬಂದಾಗ ಇಳಿಬಿಸಿಲು. ಜುಂಜಮ್ಮ ಬಾಗಿಲ ಮುಂದೆ ಕಾಲು ಚಾಚಿ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದಳು. ತುಂಬಿದ ಗಾಡಿ ಮುಳ್ಳುಬೇಲಿ ದಾಟಿ ಒಳಗೆ ಬಂದದ್ದನ್ನು ನೋಡಿ ಕದಿರು ನಿಲ್ಲಿಸಿದಳು. ಯಶೋದ ಸ್ಟ್ಯಾಂಡು ಹಾಕಿದಳು. ಹೆಲ್ಮೆಟ್ಟು ತೆಗೆಯುವುದಕ್ಕೂ ತಾಳ್ಮೆಯಿಲ್ಲದೆ, ಈಗ ಬಿಟ್ಟರೆ ಮತ್ತೆ ಆಗಲಾರದು ಎಂಬಂತೆ, ನಿಂತಲ್ಲಿಂದಲೇ ಹೇಳಿಬಿಟ್ಟಳು.

"ಅತ್ತೆ, ಆ ಬಾಟ್ಲಿ ಮಡಗಿದ್ದು ನಾನು. ಆಸ್ಪತ್ರೇಲಿ ನೀನು ಸುಳ್ಳು ಹೇಳ್ವಾಗ ನಾನು ಸುಮ್ಕೆ ನಿಂತ್ಕಂಬುಟ್ಟೆ."

ಜುಂಜಮ್ಮ ಕದಿರನ್ನು ನೆಲಕ್ಕಿಟ್ಟಳು. "ನಂಗೊತ್ತಿಲ್ವೇನೆ? ಕುಡ್ದೋಳು ನಾನು."

ಸಿಟ್ಟು ಬರುತ್ತದೆ, ಅಳು ಬರುತ್ತದೆ, ಏನಾದರೊಂದು ಬಂದೇ ಬರುತ್ತದೆ ಎಂದು ಎರಡು ವರ್ಷ ಕಾದಿದ್ದ ಯಶೋದಳ ಎದುರು ಮುದುಕಿ ಉಣ್ಣೆಯ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ಕೊನೆಗೆ ಒಡಕು ದನಿಯಲ್ಲಿ, ಅವಳ ಕಡೆ ನೋಡದೆ ಶುರುಮಾಡಿದಳು.

"ನೀನು ಮಡಗಿದ್ದುಕ್ಕೆ ಸಿಟ್ಟಿಲ್ಲ ಕಣೆ. ಪೊಲೀಸು ಅಂದ ಡಾಕ್ಟ್ರಯ್ಯ. ಪೊಲೀಸು ಬಂದ್ರೆ ನಿನ್ನ ಕೆಲ್ಸ ಹೋಗ್ತಿತ್ತು. ಮೊದ್ಲು ಒಂದು ಕಾರು ಮಾಡಿ ಬಂದ್ಯಲ್ಲ, ಅವತ್ತು ನಿನ್ನ ಮೊಕ ನೋಡಿದ್ದೆ ನಾನು. ಅದು ಕಳ್ಕಬಾರ್ದು ಅಂತ ಹೇಳ್ದೆ. ಆದ್ರೆ ನೀನು ಏನ್ ಮಾಡ್ದೆ? ಇನ್ನೂರು ಕುರಿ ಕಾಯ್ದೋಳು ನಾನು. ಒಂದು ಕಮ್ಮಿ ಆದ್ರೆ ಕತ್ಲಾಗೂ ಗೊತ್ತಾಗ್ತಿತ್ತು ನಂಗೆ. ನಂಗೆ ನೀನು ನೀರು ರುಚಿ ನೋಡಿ ಕೊಡ್ತೀಯ, ಹಾಲುಗೂಸಿಗೆ ಕೊಟ್ಟಂಗೆ. ಒಂದು ಡಬ್ಬ ಮುಟ್ಟಾಕೆ ಬುಡಲ್ಲ. ಎರಡು ವರ್ಷ ಕಣೆ ಯಶೋದಿ. ಗಂಟ್ಲು ಒಂದು ತಿಂಗ್ಳಿಗೆ ವಾಸಿ ಆಯ್ತು."

ಬಿಸಿಲು ಮುದುಕಿಯ ಬಿಳಿಕೂದಲಿನ ಮೇಲಿತ್ತು. ಯಶೋದ ಹೆಲ್ಮೆಟ್ಟು ತೆಗೆದಳು. ತಾನು ಪ್ರಾಯಶ್ಚಿತ್ತ ಅಂದುಕೊಂಡು ದಿನಾ ಹೊತ್ತು ತಂದು ಅತ್ತೆಯ ಮುಂದಿಟ್ಟದ್ದೆಲ್ಲ ಅವಳಿಗೆ ದಿನಾ ಆದ ಅವಮಾನವಾಗಿತ್ತು. ಕಪಾಟಿನ ಕಡೆ ಚಾಚಿ ಅರ್ಧಕ್ಕೇ ಹಿಂದೆ ಹೋಗುತ್ತಿದ್ದ ಆ ಕೈ, ಚೊಂಬು ತೆಗೆದುಕೊಳ್ಳುವಾಗ ಬೇರೆ ಕಡೆ ತಿರುಗುತ್ತಿದ್ದ ಆ ಮುಖ, ಎಲ್ಲವೂ ಈಗ ಬೇರೆಯೇ ಅರ್ಥದಲ್ಲಿ ಒಂದೊಂದಾಗಿ ಬಂದು ನಿಂತವು. ಅಳಬೇಕೆಂದುಕೊಂಡವಳಿಗೆ ಯಾಕೋ ನಗು ಬಂತು, ತಡೆಯಲಾಗಲಿಲ್ಲ. ಜುಂಜಮ್ಮ ಕತ್ತೆತ್ತಿ ನೋಡಿದಳು, ಯಾಕೆ ನಗುತ್ತೀಯ ಎಂದು ಗದರಿದಳು, ಗದರುತ್ತಲೇ ಅವಳ ಬೊಚ್ಚುಬಾಯಿಯೂ ಅಗಲವಾಯಿತು.

ಆಮೇಲೆ ಯಶೋದ ಎಂಟು ಜೀಪಿನ ವಿಷಯ ಹೇಳಿದಳು, ಫೋಟೊದ ವಿಷಯ ಹೇಳಿದಳು, ಇಲ್ಲದ ಜಾಗವನ್ನು ಇದೆ ಎಂದು ಒಪ್ಪಿಕೊಂಡು ಬಂದದ್ದನ್ನೂ ಹೇಳಿದಳು. ಜುಂಜಮ್ಮ ಪೂರ್ತಿ ಕೇಳಿಸಿಕೊಂಡು ಮೊಣಕಾಲಿಗೆ ಕೈಯೂರಿ ಎದ್ದಳು. ಮನೆಯ ಹಿಂದೆ, ಒಲೆಯಿಂದ ಹತ್ತು ಮಾರು ದೂರಕ್ಕೆ, ಹಿಂದೆ ಕುರಿಮರಿಗಳನ್ನು ಕೂಡುತ್ತಿದ್ದ ಕಲ್ಲಿನ ಗೂಡಿತ್ತು. ಹಿಂಡು ಚಿಕ್ಕದಾದ ಮೇಲೆ ಅದರ ಕಡೆ ಯಾರೂ ಸುಳಿದಿರಲಿಲ್ಲ. ಸುತ್ತ ಚಪ್ಪಡಿ ಕಲ್ಲು, ಮೇಲೂ ಚಪ್ಪಡಿ, ಗಾಳಿಗೆ ಎರಡು ಕಿಂಡಿ, ತೋಳ ನುಗ್ಗದಂತೆ ಅಗುಳಿಯಿದ್ದ ಕಬ್ಬಿಣದ ಬಾಗಿಲು. ಒಳಗೆ ಕಾಲಿಟ್ಟರೆ ಹೊರಗಿನ ಬಿಸಿಲು ಸುಳ್ಳೆನಿಸುವಷ್ಟು ತಂಪು. ಬೇಸಿಗೆಯಲ್ಲಿ ಮೇಣ ಕರಗಿ ನೀರಾಗುವುದಕ್ಕೆ ಪ್ರತಿ ವರ್ಷ ಶಪಿಸುತ್ತಿದ್ದ ಯಶೋದ, ಮನೆಯ ಹಿಂದೆಯೇ ಇದ್ದ ಈ ತಂಪನ್ನು ಗೋಡೆಗೆ ಕೆನ್ನೆಯಿಟ್ಟು ನೋಡಿದಳು.

ಹೊತ್ತು ಮುಳುಗುವುದರೊಳಗೆ ಮುಗಿಸಬೇಕಿತ್ತು. ಯಶೋದ ಗುಡಿಸಿದಳು, ಜುಂಜಮ್ಮ ಸುಣ್ಣದ ನೀರು ಎರಚಿದಳು. ಇಬ್ಬರೂ ಸೇರಿ ಎರಡು ಕಲ್ಲುಹಲಗೆ ಎತ್ತಿ ಗೋಡೆಗೆ ಮೆಟ್ಟಿಲಂತೆ ಕೂರಿಸಿದರು. ಕ್ಯಾನು ಬಾಟಲಿಗಳನ್ನು ಒಂದೊಂದಾಗಿ ಇಳಿಸುವಾಗ ಮುದುಕಿ ಪ್ರತಿಯೊಂದನ್ನೂ ತಡೆದು, ಇದು ಏನು, ಏನು ಮಾಡುತ್ತದೆ, ಬಾಯಿಗೆ ಹೋದರೆ ಏನು, ಕಣ್ಣಿಗೆ ಬಿದ್ದರೆ ಏನು ಎಂದು ಕೇಳಿದಳು. ಯಶೋದ ಹೇಳುತ್ತ ಹೋದಳು. ಇಷ್ಟು ವರ್ಷ ಯಾರೂ ಇವನ್ನು ಅವಳಲ್ಲಿ ಕೇಳಿರಲಿಲ್ಲ. ಅಂಟಿಸಿದ್ದ ಚೀಟಿಗಳನ್ನು ತೋರಿಸಿದರೆ, ನನಗೆ ಓದು ಬರುತ್ತದೇನೆ ಎಂದು ಜುಂಜಮ್ಮ ಒಳಗಿನಿಂದ ಉಣ್ಣೆ ಕತ್ತರಿಸುವ ಕತ್ತರಿ ತಂದಳು. ಶಾಂಪೂ ಕ್ಯಾನಿನ ಹಿಡಿಯ ಅಂಚಿಗೆ ಒಂದು ಕಚ್ಚು, ಗಾಜು ಒರೆಸುವುದಕ್ಕೆ ಎರಡು, ಟೈರಿನ ಎಣ್ಣೆಗೆ ಓರೆಯಾಗಿ ಒಂದು. ಸಣ್ಣ ಬಾಟಲಿಗಳ ಕೊರಳಿಗೆ ಅದೇ ಲೆಕ್ಕದ ಉಣ್ಣೆಯ ಗಂಟು. ಕುರಿಗಳ ಕಿವಿಗೆ ಹಾಕುವ ಗುರುತು ಇದು, ಹಿಂಡು ಹಿಂಡು ಬೆರೆತರೂ ತಪ್ಪುವುದಿಲ್ಲ ಎಂದು ವಿವರಿಸಿದಳು. ಚಕ್ರ ತೊಳೆಯುವ ದ್ರಾವಣದ ಸರದಿ ಬಂದಾಗ ಅವಳ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಹಿಡಿಗೆ ಮೂರು ಆಳವಾದ ಕಚ್ಚು ಹಾಕಿ, ಕೆಂಪು ದಾರ ಬಿಗಿದು, ಎಲ್ಲಕ್ಕಿಂತ ಕೆಳಗೆ, ಬೇರೆಯಾಗಿ, ಒಂಟಿಯಾಗಿ ಇಟ್ಟಳು.

ಪರೀಕ್ಷೆ ಮಾಡು ಎಂದಳು ತಾನೇ. ಕಣ್ಣು ಮುಚ್ಚಿ ನಿಂತಳು. ಗಾಜಿಂದು ಎಂದರೆ ಗಾಜಿಂದು, ಟೈರಿಂದು ಎಂದರೆ ಟೈರಿಂದು. ಬೆರಳು ಕಚ್ಚನ್ನು ಸವರಿ, ಅನುಮಾನವಿಲ್ಲದೆ ಎತ್ತಿಕೊಡುತ್ತಿತ್ತು. ಆರು ಸಲ ಕೇಳಿದಳು ಯಶೋದ, ಆರು ಸಲವೂ ಸರಿ. ಏಳನೆಯ ಸಲ ಬೇಕೆಂದೇ ಇಲ್ಲದ್ದೊಂದನ್ನು ಕೇಳಿದಾಗ ಮುದುಕಿ ಕಣ್ಣು ಬಿಟ್ಟು, ಬೈಗುಳವೊಂದನ್ನು ಉಸುರಿ, ಅಗುಳಿಗೆ ಬೀಗ ಜಡಿದು ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಫೋಟೊಗೆ ಮತ್ತೆ ತೆರೆಯಬೇಕಾಯಿತು. ಅತ್ತೆ, ಸ್ವಲ್ಪ ಪಕ್ಕಕ್ಕೆ ಬಾ ಎಂದರೆ ಜುಂಜಮ್ಮ ಬಾಗಿಲು ಬಿಟ್ಟು ಕದಲಲಿಲ್ಲ; ಕಾವಲಿಗೆ ಯಾರಿದ್ದಾರೆ ಎಂದು ಆ ಮನುಷ್ಯ ಕೇಳುವುದಿಲ್ಲವೇ ಎಂದಳು. ಹೀಗಾಗಿ ಫೋಟೊದಲ್ಲಿ ಸುಣ್ಣದ ಗೋಡೆ, ಸಾಲು ಬಾಟಲಿ, ಬೀಗ, ಎಲ್ಲಕ್ಕೂ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಜುಂಜಮ್ಮ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುವಾಗ ಉತ್ತರ ಬಂತು. ಜಾಗ ಚೆನ್ನಾಗಿದೆ, ಸೋಮವಾರ ಒಂಬತ್ತಕ್ಕೆ ಬನ್ನಿ. ಅಜ್ಜಿ ಯಾರು ಎಂದಿತ್ತು. ಯಶೋದ ಒಂದೊಂದೇ ಅಕ್ಷರ ಒತ್ತಿ ಬರೆದಳು: ನಮ್ಮ ಅತ್ತೆ ಸಾರ್, ಸ್ಟೋರು ಅವರದೇ. ಬರೆದದ್ದನ್ನು ಓದಿ ಹೇಳಿದಾಗ ಜುಂಜಮ್ಮ ಗುಡಾಣದಿಂದ ತಾನೇ ಒಂದು ಚೊಂಬು ನೀರು ತುಂಬಿಕೊಂಡು ಬಂದು, ಬೆವೆತಿದ್ದ ಸೊಸೆಯ ಕೈಗಿಟ್ಟಳು. ಯಶೋದ ಗಟಗಟ ಕುಡಿದಳು.

ಸೋಮವಾರ ಗಾಡಿ ಹಗುರಾಗಿತ್ತು. ಇಡಲು ಜಾಗವಾದ ಮೇಲೆ ಎಲ್ಲವನ್ನೂ ಹೊತ್ತು ತಿರುಗುವ ಅಗತ್ಯವಿರಲಿಲ್ಲ. ಆ ದಿನಕ್ಕೆ ಬೇಕಾದಷ್ಟನ್ನು ಉಣ್ಣೆಯ ಗಂಟಿನ ಗಟ್ಟಿ ಬಾಟಲಿಗಳಿಗೆ ಅಳೆದು ತುಂಬಿ, ಒಂದೇ ಕ್ರೇಟನ್ನು ಮುಂದೆ ಕೂರಿಸಿದಳು. ಜೀಪಿನವರು ನೀರು ಹೊಡೆಯುವ ಪಂಪನ್ನು ತಾವೇ ಕೊಡುತ್ತೇವೆ ಅಂದಿದ್ದರು. ಹಿಂದಿನ ಸೀಟು ಖಾಲಿಯಿತ್ತು. ಅದರ ಮೇಲೆ ಜುಂಜಮ್ಮ ಒಂದೇ ಕಡೆಗೆ ಕಾಲು ಬಿಟ್ಟು, ಬಟ್ಟೆಯ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು, ಈ ಸಲವೂ ಕುರಿಹಿಂಡಿನ ಜೊತೆ ಹೋಗಿದ್ದ ಗೋಪಾಲನ ಹಳೆಯ ಹೆಲ್ಮೆಟ್ಟಿನೊಳಗೆ ಮುಖವೆಲ್ಲ ಮುಳುಗಿಸಿಕೊಂಡು ಕೂತಳು. ಯಶೋದ ಬೇಡ ಅನ್ನಲಿಲ್ಲ, ಹಿಡಿದುಕೋ ಎಂದು ಎರಡು ಸಲ ಹೇಳಲೂ ಇಲ್ಲ. ಬೇಲಿಯ ಬಳಿ ಕುರಿ ಬಿಡುತ್ತಿದ್ದ ನೆರೆಮನೆಯ ಕ್ಯಾತಣ್ಣ, ಈ ವಯಸ್ಸಿನಲ್ಲಿ ಎತ್ತ ಹೊರಟೆ ಎಂದು ಕೇಳಿದ.

"ಕೆಲ್ಸುಕ್ಕೆ ಕಣಪ್ಪ," ಎಂದಳು ಜುಂಜಮ್ಮ. ಒಡಕು ದನಿ ಹಟ್ಟಿಯ ಕೊನೆಯ ಮನೆಯವರೆಗೂ ಕೇಳಿಸಿತು.

ರಸ್ತೆಯಲ್ಲಿ ಗಾಳಿ ಎದುರಿನಿಂದ ಬೀಸುತ್ತಿತ್ತು. ಹೆಗಲ ಮೇಲಿದ್ದ ಅತ್ತೆಯ ಕೈ ಮಧುಗಿರಿ ಬರುವವರೆಗೆ ಬಿಗಿಯಾಗಿತ್ತು, ಮಿಡಿಗೇಶಿಯ ಹೊತ್ತಿಗೆ ಸಡಿಲವಾಗಿತ್ತು, ಪಾವಗಡ ದಾಟುವಾಗ ಅದು ಹೆಗಲು ಬಿಟ್ಟು ಎದುರು ಬಂದ ಲಾರಿಗೆ ಪಕ್ಕಕ್ಕೆ ಹೋಗೆಂದು ಸನ್ನೆ ಮಾಡುತ್ತಿತ್ತು. ಪಾರ್ಕಿನ ಗೇಟಿನೊಳಗೆ ಎಂಟು ಜೀಪುಗಳು ಸಾಲಾಗಿ ಧೂಳು ಹೊದ್ದು ನಿಂತಿದ್ದವು. ಯಶೋದ ಸ್ಟ್ಯಾಂಡು ಹಾಕುವ ಮೊದಲೇ ಜುಂಜಮ್ಮ ಇಳಿದು, ಹೆಲ್ಮೆಟ್ಟು ಕಂಕುಳಲ್ಲಿಟ್ಟುಕೊಂಡು, ಸಾಲಿನ ಉದ್ದಕ್ಕೂ ಒಮ್ಮೆ ನಡೆದು, ಪ್ರತಿ ಜೀಪಿನ ಮೂತಿಯನ್ನೂ ತಟ್ಟಿ ನೋಡಿ ಹಿಂದಕ್ಕೆ ಬಂದಳು.

"ಎಂಟೂ ಅವೆ," ಎಂದಳು. "ಬಾರೆ. ಮೊದ್ಲು ಯಾವುದನ್ನ ಹಿಡಿಯಾನ?"